ಮೆರೆಸುವುದೋ? ಮರೆಸುವುದೋ?

ಕೀರ್ತಿಯೆಂಬುದು ಹಿಂದೆ ಕಾಲ್ನಡಿಗೆಯಲ್ಲಿ ಬರುತ್ತಿತ್ತು. ಒಬ್ಬ ಗಾಯಕನ ಹೆಸರು ಊರಿಂದೂರಿಗೆ ಹೋಗಬೇಕಾದರೆ ಅವನ ಕಚೇರಿಯನ್ನು ಕೇಳಿದವರು ಊರಿಂದೂರಿಗೆ ಹೋಗಬೇಕಾಗಿತ್ತು. ಹೋದವರು ಬರಿಯ ಹೆಸರನ್ನು ಹೊತ್ತು ಹೋಗುತ್ತಿರಲಿಲ್ಲ. ಏನು ಹಾಡಿದ, ಎಷ್ಟು ಹೊತ್ತು ಹಾಡಿದ, ಯಾವ ರಾಗದಲ್ಲಿ ಗೆದ್ದ, ಯಾವುದರಲ್ಲಿ ಎಡವಿದ ಎಂಬ ವಿವರವನ್ನೂ ಹೊತ್ತು ಹೋಗುತ್ತಿದ್ದರು. ಈಗ ಕೀರ್ತಿಗೆ ರೆಕ್ಕೆ ಬಂದಿದೆ. ಹಾರುವ ವಸ್ತುವಿಗೆ ಭಾರ ಇರಕೂಡದು. ಆದ್ದರಿಂದ ಅದು ವಿವರವನ್ನೆಲ್ಲ ಕೆಳಗೆ ಕೆಡವಿ ಹಾರುತ್ತದೆ.

ಈ ಮಾತಿಗೆ ನಿದರ್ಶನ ಬೇಕಾದವರು ಮನೆಯ ಹುಡುಗರ ಕೈಯಲ್ಲಿರುವ ಮೊಬೈಲನ್ನು ಒಂದು ಗಳಿಗೆ ಇಸಿದುಕೊಂಡು ನೋಡಬಹುದು. ಫುಟ್‌ಬಾಲಿನಲ್ಲಿ ಕಿಂಚಿತ್ತು ಆಸಕ್ತಿ ಇರುವ ಹುಡುಗನಾದರೆ ಇಂದಲ್ಲ ನಾಳೆ ಅವನ ಮುಂದೆ ಒಂದು ತುಣುಕು ಚಿತ್ರ ಬಂದೇ ಬರುತ್ತದೆ. ಗುಂಗುರು ಕೂದಲು ಹೆಗಲಿಗೆ ಇಳಿಬಿದ್ದ ಒಬ್ಬ ಗೋಲ್‌ಕೀಪರ್. ಮೇಲಿನಿಂದ ನಿಧಾನವಾಗಿ ಇಳಿದು ಬರುತ್ತಿರುವ ಚೆಂಡು. ಕೈ ಚಾಚಿ ಹಿಡಿದರೆ ಮುಗಿಯಿತು. ಆತ ಹಿಡಿಯುವುದಿಲ್ಲ. ಮುಂದಕ್ಕೆ ಜಿಗಿದು, ಗಾಳಿಯಲ್ಲಿ ಬೋರಲಾಗಿ, ಚೆಂಡನ್ನು ತಲೆಯ ಮೇಲಿಂದ ಹಾದುಹೋಗಲು ಬಿಟ್ಟು, ಚೇಳು ಕೊಂಡಿ ಎತ್ತಿದ ಹಾಗೆ ಎರಡೂ ಪಾದಗಳನ್ನು ಬೆನ್ನ ಮೇಲಕ್ಕೆ ಎತ್ತಿ, ಹಿಮ್ಮಡಿಯಿಂದ ಅದನ್ನು ಒದ್ದು ಹಿಂದಿರುಗಿಸುತ್ತಾನೆ. ಅಷ್ಟೇ. ಚಿತ್ರ ಮುಗಿಯಿತು, ಮತ್ತೆ ಮೊದಲಿನಿಂದ ಶುರುವಾಯಿತು.

ಆ ಗೋಲ್‌ಕೀಪರ್ ಕೊಲಂಬಿಯಾ ದೇಶದ ರೆನೆ ಹಿಗಿಟಾ. ದಿನ ೧೯೯೫ನೆಯ ಇಸವಿ ಸೆಪ್ಟೆಂಬರ್ ೬. ಸ್ಥಳ ಲಂಡನ್ನಿನ ವೆಂಬ್ಲಿ ಕ್ರೀಡಾಂಗಣ. ಹಿಗಿಟಾ ಆಟದಿಂದ ನಿವೃತ್ತನಾಗಿ ಬಹಳ ವರ್ಷಗಳಾದವು. ಆಮೇಲೆ ಸೌದಿ ಅರೇಬಿಯದ ಅಲ್ ನಸ್ರ್ ತಂಡದಲ್ಲಿಯೂ, ತನ್ನ ಹಳೆಯ ಮನೆಯಾದ ಮೆಡೆಲಿನ್ ನಗರದ ಅಟ್ಲೆಟಿಕೊ ನ್ಯಾಸಿಯೊನಾಲ್ ತಂಡದಲ್ಲಿಯೂ ಕಿರಿಯ ಗೋಲ್‌ಕೀಪರುಗಳಿಗೆ ತರಬೇತಿ ಕೊಟ್ಟ. ಆದರೂ ಆತನ ಆಟವನ್ನು ಒಂದು ದಿನವೂ ಕಾಣದ, ಆತ ಆಡುತ್ತಿದ್ದಾಗ ಹುಟ್ಟಿಯೇ ಇರದ ಮಕ್ಕಳಿಗೆ ಆತ ಇಂದು ಪರಿಚಿತ. ಆತನ ಜೀವನವನ್ನು ಕುರಿತು ೨೦೨೩ರಲ್ಲಿ ಬಂದ ಸಾಕ್ಷ್ಯಚಿತ್ರದ ಹೆಸರಿನಲ್ಲಿಯೂ ಆ ಚೇಳೇ ಬಂದು ಕುಳಿತಿದೆ.

ಇದನ್ನು ಕಂಡು ಸಂತೋಷಪಡುವವರಿದ್ದಾರೆ. ಅಂತರ್ಜಾಲವಿಲ್ಲದಿದ್ದರೆ ಹಿಗಿಟಾನನ್ನು ಯಾರು ನೆನೆಯುತ್ತಿದ್ದರು, ಮುದಿ ಆಟಗಾರನಿಗೆ ಮರುಹುಟ್ಟು ಬಂದಿತಲ್ಲ, ಎಂದು ಅವರು ಹೇಳುತ್ತಾರೆ. ನನ್ನ ವಾದ ಇದಕ್ಕೆ ನೇರವಾಗಿ ವಿರುದ್ಧ. ಈ ಜನಪ್ರಿಯತೆ ಆ ಮನುಷ್ಯನನ್ನು ಮೆರೆಸುತ್ತಿಲ್ಲ, ಮರೆಸುತ್ತಿದೆ. ಮೆರವಣಿಗೆಯಲ್ಲಿ ಹೋಗುತ್ತಿರುವುದು ಆತನ ಮುಖವಾಡ ಮಾತ್ರ. ಆಳು ಮನೆಯಲ್ಲೇ ಉಳಿದಿದ್ದಾನೆ.

ಮೊದಲು ಆ ಒದೆತವನ್ನೇ ತೆಗೆದುಕೊಳ್ಳೋಣ. ಅದು ಯಾವ ಪಂದ್ಯ? ಇಂಗ್ಲೆಂಡ್ ಮತ್ತು ಕೊಲಂಬಿಯಾ ನಡುವಿನ ಸ್ನೇಹ ಪಂದ್ಯ. ಫಲಿತಾಂಶ? ಎರಡೂ ಕಡೆ ಸೊನ್ನೆ. ಚೆಂಡನ್ನು ಕಳಿಸಿದವನು ಇಂಗ್ಲೆಂಡಿನ ಜೇಮಿ ರೆಡ್‌ನ್ಯಾಪ್. ಆತ ಗುರಿಯಿಟ್ಟು ಗುಂಡಿನಂತೆ ಹೊಡೆದ ಚೆಂಡು ಅದಲ್ಲ. ಅಷ್ಟೇ ಅಲ್ಲ, ಆ ಹೊತ್ತಿಗೆ ಲೈನ್ಸ್‌ಮನ್ ಆಫ್‌ಸೈಡೆಂದು ಬಾವುಟ ಎತ್ತಿದ್ದ. ರೆಫರಿ ಸೀಟಿ ಊದದೆ ಆಟ ಮುಂದುವರಿಯಿತು. ಇವಿಷ್ಟನ್ನು ಬಲ್ಲವನಿಗೆ ಆ ಒದೆತದ ಸೊಗಸು ಕಡಮೆಯಾಗುವುದಿಲ್ಲ. ಅದರ ಬೆಲೆ ಮಾತ್ರ ಸರಿಯಾಗಿ ತಿಳಿಯುತ್ತದೆ. ಅದು ಒಂದು ತಮಾಷೆ. ಅದ್ಭುತವಾದ, ಧೈರ್ಯದ, ಯಾರೂ ಅನುಕರಿಸಲು ಅಂಜುವ ತಮಾಷೆ. ತಂಡವನ್ನು ಸೋಲಿನಿಂದ ಉಳಿಸಿದ ರಕ್ಷಣೆಯಲ್ಲ. ತುಣುಕು ಚಿತ್ರ ಈ ಭೇದವನ್ನು ಹೇಳುವುದಿಲ್ಲ. ಹೇಳಲು ಅದಕ್ಕೆ ನಾಲಗೆಯೇ ಇಲ್ಲ.

ಯಕ್ಷಗಾನದ ದೃಷ್ಟಾಂತದಿಂದ ಇದು ಸ್ಪಷ್ಟವಾದೀತು. ರಾತ್ರಿಯಿಡೀ ನಡೆದ ಪ್ರಸಂಗದಲ್ಲಿ ಬಣ್ಣದ ವೇಷದವನು ಒಂದು ಕಡೆ ಆರ್ಭಟಿಸಿ ಕುಣಿಯುತ್ತಾನೆ. ನೋಡಲು ಚೆನ್ನ. ಆದರೆ ಆ ಆರ್ಭಟವೊಂದನ್ನೇ ಕತ್ತರಿಸಿ ತೆಗೆದು, ಭಾಗವತರ ಪದವನ್ನೂ ಅರ್ಥಗಾರಿಕೆಯನ್ನೂ ಎಸೆದು, ‘ಇದೇ ಯಕ್ಷಗಾನ, ಇವನೇ ಮಹಾ ಕಲಾವಿದ’ ಎಂದು ಸಾರಿದರೆ ಕಲಾವಿದನಿಗೆ ಗೌರವ ಬಂದಂತಾಯಿತೇ? ಮುಂದಿನ ಊರಿನಲ್ಲಿ ಜನ ಅವನಿಂದ ಆರ್ಭಟವನ್ನೇ ಕೇಳುತ್ತಾರೆ. ಹಿಗಿಟಾನಿಗೆ ಆದದ್ದೂ ಇದೇ. ಆತ ಪ್ರದರ್ಶನ ಪಂದ್ಯಗಳಿಗೆ ಹೋದ ಕಡೆಯೆಲ್ಲ ಜನ ಕೇಳಿದ್ದು ಚೇಳನ್ನು. ಆತ ಮಾಡಿ ತೋರಿಸಿಯೂ ಇದ್ದಾನೆ. ಮನುಷ್ಯ ಉದಾರಿ, ಕೇಳಿದವರಿಗೆ ಇಲ್ಲವೆನ್ನಲಾರ. ಆದರೆ ನಾವು ಕೇಳಿದ್ದು ಸಣ್ಣದನ್ನು.

ಹಾಗಾದರೆ ಕೇಳಬೇಕಾಗಿದ್ದ ದೊಡ್ಡದು ಯಾವುದು?

೧೯೮೯ರ ಮೇ ೩೧. ದಕ್ಷಿಣ ಅಮೆರಿಕದ ಕ್ಲಬ್ ತಂಡಗಳಿಗೆ ಕೋಪಾ ಲಿಬರ್ಟಡೋರೆಸ್‌ಗಿಂತ ದೊಡ್ಡ ಪ್ರಶಸ್ತಿ ಇಲ್ಲ. ಅಂದಿನವರೆಗೆ ಕೊಲಂಬಿಯಾದ ಯಾವ ತಂಡವೂ ಅದನ್ನು ಗೆದ್ದಿರಲಿಲ್ಲ. ಫೈನಲಿನ ಮೊದಲ ಪಂದ್ಯದಲ್ಲಿ ನ್ಯಾಸಿಯೊನಾಲ್ ತಂಡ ಪರಾಗ್ವೆಯ ಒಲಿಂಪಿಯಾ ತಂಡದೆದುರು ೨-೦ ಯಿಂದ ಸೋತಿತ್ತು. ಬೊಗೊಟಾದಲ್ಲಿ ನಡೆದ ಎರಡನೆಯ ಪಂದ್ಯವನ್ನು ಅಷ್ಟೇ ಅಂತರದಿಂದ ಗೆದ್ದು ಸರಿಗಟ್ಟಿತು. ಇನ್ನು ಪೆನಾಲ್ಟಿ ಒದೆತಗಳಿಂದಲೇ ತೀರ್ಮಾನ. ಗೋಲಿನ ಅಗಲ ೨೪ ಅಡಿ, ಎತ್ತರ ೮ ಅಡಿ. ಒದೆಯುವವನು ನಿಲ್ಲುವುದು ೧೨ ಗಜದಾಚೆ. ಬಲವಾಗಿ ಒದ್ದ ಚೆಂಡು ಅರ್ಧ ಸೆಕೆಂಡಿನೊಳಗೆ ಬಲೆಯಲ್ಲಿರುತ್ತದೆ. ನೋಡಿ ಹಾರುವುದಕ್ಕೆ ಅವಕಾಶವಿಲ್ಲ. ಒದೆಯುವವನ ಮೈಯನ್ನು, ಓಟವನ್ನು, ಅಂಜಿಕೆಯನ್ನು ಓದಿ ಹಾರಬೇಕು. ಅಂದು ರಾತ್ರಿ ಹಿಗಿಟಾ ನಾಲ್ಕು ಪೆನಾಲ್ಟಿಗಳನ್ನು ತಡೆದ. ನಡುವೆ ತಾನೇ ಹೋಗಿ ಒಂದನ್ನು ಒದ್ದು ಗೋಲು ಮಾಡಿದ. ೫-೪ ರಿಂದ ನ್ಯಾಸಿಯೊನಾಲ್ ಗೆದ್ದಿತು. ಕೊಲಂಬಿಯಾಕ್ಕೆ ಮೊದಲ ಲಿಬರ್ಟಡೋರೆಸ್ ಬಂದದ್ದು ಆ ಎರಡು ಕೈಗಳಿಂದ.

ಚೇಳಿನ ಚಿತ್ರವನ್ನು ನೋಡಿ ಮೆಚ್ಚುವ ನೂರು ಮಂದಿಯಲ್ಲಿ ಈ ರಾತ್ರಿಯ ವಿಷಯ ಬಲ್ಲವರು ಎಷ್ಟು? ನಾಲ್ಕು ರಕ್ಷಣೆಗಳ ಚಿತ್ರವೂ ಇದೆ, ಹುಡುಕಿದರೆ ಸಿಗುತ್ತದೆ. ಆದರೆ ಅದು ಹಾರುವುದಿಲ್ಲ. ಅದರ ರುಚಿ ಹತ್ತಬೇಕಾದರೆ ಮೊದಲ ಪಂದ್ಯದ ಸೋಲು ಗೊತ್ತಿರಬೇಕು, ಒಂದೊಂದು ಒದೆತದ ಮುಂಚಿನ ಎಣಿಕೆ ಗೊತ್ತಿರಬೇಕು, ಕಾಯಬೇಕು. ಕಾಯುವಿಕೆಯನ್ನು ಕತ್ತರಿಸಿ ಎಸೆಯುವುದೇ ಈ ತುಣುಕಿನ ಕಸುಬು.

ಇನ್ನೊಂದು ದೊಡ್ಡದಿದೆ. ಹಿಗಿಟಾ ಗೋಲ್‌ಕೀಪರನ ಕೆಲಸದ ಎಲ್ಲೆಯನ್ನೇ ಹಿಗ್ಗಿಸಿದ. ಗೋಲ್‌ಕೀಪರನಿಗೆ ಕೈಗಳಿವೆ ಎಂಬುದನ್ನು ಎಲ್ಲರೂ ಬಲ್ಲರು; ಆತನಿಗೆ ಕಾಲುಗಳೂ ಇವೆ ಎಂದು ಆತ ತೋರಿಸಿದ. ತಂಡದ ಬ್ಯಾಕ್ ಆಟಗಾರರು ಮುಂದೆ ಸರಿದಾಗ ಅವರ ಬೆನ್ನ ಹಿಂದಿನ ಬಯಲನ್ನು ತಾನು ಕಾಯುತ್ತ, ಪೆನಾಲ್ಟಿ ಚೌಕದಿಂದ ಹೊರಬಂದು, ಚೆಂಡನ್ನು ಕಾಲಿನಲ್ಲಿ ತಡೆದು, ಒಬ್ಬಿಬ್ಬರನ್ನು ತಪ್ಪಿಸಿ ಮುಂದಕ್ಕೆ ಕೊಡುತ್ತಿದ್ದ. ಇದನ್ನು ಮೊದಲು ಮಾಡಿದವನು ಆತನೇ ಎಂದು ಹೇಳುವುದು ತಪ್ಪು. ೧೯೫೩ರಲ್ಲಿ ಇದೇ ವೆಂಬ್ಲಿಯಲ್ಲಿ ಇಂಗ್ಲೆಂಡನ್ನು ೬-೩ ರಿಂದ ಬಡಿದ ಹಂಗೆರಿಯ ತಂಡದಲ್ಲಿ ಗ್ಯೂಲಾ ಗ್ರೋಸಿಚ್ ಇಂಥ ಆಟಕ್ಕೆ ಹೆಸರಾಗಿದ್ದ. ಆದರೆ ಹಿಗಿಟಾನಷ್ಟು ದೂರ, ಹಿಗಿಟಾನಷ್ಟು ನಿರ್ಭೀತಿಯಿಂದ ಹೋದವರು ವಿರಳ. ಕೊಲಂಬಿಯಾಕ್ಕೆ ಆತ ೬೮ ಅಂತಾರಾಷ್ಟ್ರೀಯ ಪಂದ್ಯಗಳನ್ನಾಡಿದ. ಗೋಲು ಕಾಯುವವನಾಗಿಯೂ ಅವುಗಳಲ್ಲಿ ೩ ಗೋಲು ಹೊಡೆದ.

ಮುಂದೆ ಏನಾಯಿತು ನೋಡಿ. ೧೯೯೨ರಲ್ಲಿ ಆಟದ ನಿಯಮವೇ ಬದಲಾಯಿತು. ತನ್ನ ತಂಡದವನು ಬೇಕೆಂದೇ ಕಾಲಿನಿಂದ ಹಿಂದಕ್ಕೆ ಕೊಟ್ಟ ಚೆಂಡನ್ನು ಗೋಲ್‌ಕೀಪರ್ ಕೈಯಿಂದ ಮುಟ್ಟಕೂಡದೆಂದು ಕಟ್ಟು ಬಿದ್ದಿತು. ೧೯೯೦ರ ವಿಶ್ವಕಪ್ಪಿನಲ್ಲಿ ಹೊತ್ತು ಕಳೆಯುವ ಜಡ ಆಟವನ್ನು ಕಂಡು ಬೇಸತ್ತದ್ದು ಇದಕ್ಕೆ ಮುಖ್ಯ ಕಾರಣ. ಆ ದಿನದಿಂದ ಕಾಲಾಟ ಬಾರದ ಗೋಲ್‌ಕೀಪರನಿಗೆ ಕಷ್ಟಕಾಲ ಬಂದಿತು. ಇಂದು ಯೂರೋಪಿನ ದೊಡ್ಡ ತಂಡಗಳು ಗೋಲ್‌ಕೀಪರನ್ನು ಕೊಳ್ಳುವಾಗ ಕೈಯಷ್ಟೇ ಕಾಲನ್ನೂ ಪರೀಕ್ಷಿಸುತ್ತವೆ. ಹುಚ್ಚನೆಂದು ಅಡ್ಡಹೆಸರು ಪಡೆದವನ ಹುಚ್ಚು ಒಂದು ತಲೆಮಾರಿನೊಳಗೆ ಪಾಠ್ಯಕ್ರಮವಾಯಿತು. ಇದು ಹಿಗಿಟಾನ ನಿಜವಾದ ಕೀರ್ತಿ. ಈ ಕೀರ್ತಿಯಲ್ಲಿ ಚೇಳಿಗೆ ಒಂದು ಮೂಲೆಯ ಸ್ಥಾನವಿದೆಯೇ ಹೊರತು ಸಿಂಹಾಸನವಿಲ್ಲ.

ತುಣುಕು ಮರೆಸುವುದು ಹಿರಿಮೆಯನ್ನು ಮಾತ್ರವಲ್ಲ. ಅದು ದುಃಖವನ್ನೂ ಮರೆಸುತ್ತದೆ. ೧೯೯೦ರ ಜೂನ್ ೨೩ರಂದು ನೇಪಲ್ಸ್‌ನಲ್ಲಿ ಕ್ಯಾಮರೂನ್ ಮೇಲಿನ ವಿಶ್ವಕಪ್ ಪಂದ್ಯ. ಹೆಚ್ಚುವರಿ ಅವಧಿ ನಡೆಯುತ್ತಿತ್ತು. ಹಿಗಿಟಾ ಎಂದಿನಂತೆ ಮುಂದೆ ಬಂದು, ಚೆಂಡನ್ನು ರೋಜರ್ ಮಿಲ್ಲಾನಿಂದ ತಪ್ಪಿಸಲು ಹೋಗಿ ಕಳೆದುಕೊಂಡ. ಮಿಲ್ಲಾ ಅದನ್ನು ಖಾಲಿ ಗೋಲಿಗೆ ಒಯ್ದ. ಕೊಲಂಬಿಯಾ ೨-೧ ರಿಂದ ಸೋತು ಮನೆಗೆ ಹೋಯಿತು. ೧೯೯೩ರಲ್ಲಿ ಒಂದು ಅಪಹರಣ ಪ್ರಕರಣದಲ್ಲಿ ಮಧ್ಯಸ್ಥನಾಗಿ ನಡೆದುಕೊಂಡದ್ದಕ್ಕಾಗಿ ಆತ ಕೆಲವು ತಿಂಗಳು ಸೆರೆಮನೆಯಲ್ಲಿದ್ದ. ೧೯೯೪ರ ವಿಶ್ವಕಪ್ ಆತನ ಕೈತಪ್ಪಿತು. ಆ ವಿಶ್ವಕಪ್ಪಿನಲ್ಲಿ ಹಿಗಿಟಾನ ಜೊತೆಗಾರ ಆಂಡ್ರೆಸ್ ಎಸ್ಕೊಬಾರ್ ಅಮೆರಿಕದ ಮೇಲಿನ ಪಂದ್ಯದಲ್ಲಿ ಕಾಲು ತಾಗಿ ತನ್ನ ಗೋಲಿಗೇ ಚೆಂಡು ಹಾಕಿಕೊಂಡ. ಊರಿಗೆ ಹಿಂದಿರುಗಿದ ಮೇಲೆ, ಜುಲೈ ೨ರಂದು, ಮೆಡೆಲಿನ್‌ನಲ್ಲಿ ಆತನನ್ನು ಗುಂಡಿಟ್ಟು ಕೊಂದರು.

ಇದಾದ ಹದಿನಾಲ್ಕು ತಿಂಗಳಿಗೆ ವೆಂಬ್ಲಿಯ ಪಂದ್ಯ ಬರುತ್ತದೆ. ಫುಟ್‌ಬಾಲಿನಲ್ಲಿ ತಪ್ಪು ಮಾಡಿದ ಗೆಳೆಯನ ಹೆಣ ಹೊತ್ತ ಊರಿನಿಂದ ಬಂದವನು, ಸ್ವತಃ ಲೋಕದ ಕಣ್ಣೆದುರು ತಪ್ಪು ಮಾಡಿ ನಗೆಪಾಟಲಾಗಿದ್ದವನು, ಹಲವು ದೇಶಗಳ ಮುಂದೆ ಮಾತಿಗೆ ಸಿಗಬಹುದಾದ ತಪ್ಪಿಗೆ ಮತ್ತೆ ಮೈಯೊಡ್ಡಿ ಗಾಳಿಯಲ್ಲಿ ಬೋರಲಾಗುತ್ತಾನೆ. ಆತನ ಮನಸ್ಸಿನಲ್ಲಿ ಏನಿತ್ತೋ ಹೇಳುವ ಅಧಿಕಾರ ನನಗಿಲ್ಲ. ಆದರೆ ಇಷ್ಟು ತಿಳಿದು ಆ ಜಿಗಿತವನ್ನು ನೋಡುವುದಕ್ಕೂ, ಏನೂ ತಿಳಿಯದೆ ನೋಡಿ ‘ಭಲೇ ಮಜಾ’ ಎಂದು ಬೆರಳೊತ್ತಿ ಮುಂದಿನ ಬೆಕ್ಕಿನ ಚಿತ್ರಕ್ಕೆ ಹೋಗುವುದಕ್ಕೂ ಅಜಗಜಾಂತರ. ಮೊದಲನೆಯದು ಒಬ್ಬ ಮನುಷ್ಯನನ್ನು ಕಾಣುವುದು. ಎರಡನೆಯದು ಗಾಳಿಪಟವನ್ನು ಕಾಣುವುದು.

ಗೋಲ್‌ಕೀಪರನ ವಿಷಯದಲ್ಲಿ ಈ ಅನ್ಯಾಯ ಇನ್ನೂ ಘೋರ. ಆತನ ಕಲೆಯ ಸ್ವಭಾವವೇ ಅಂಥದು. ಫಾರ್ವರ್ಡ್ ಆಟಗಾರನ ಕೆಲಸ ಏನನ್ನಾದರೂ ಆಗುವಂತೆ ಮಾಡುವುದು. ಗೋಲ್‌ಕೀಪರನ ಕೆಲಸ ಏನೂ ಆಗದಂತೆ ನೋಡಿಕೊಳ್ಳುವುದು. ಎರಡು ಹೆಜ್ಜೆ ಮುಂದೆ ನಿಂತು ಎದುರಾಳಿಗೆ ಕಾಣುವ ಗೋಲನ್ನು ಕಿರಿದು ಮಾಡಿದರೆ ಎದುರಾಳಿ ಹೊಡೆಯುವ ಯೋಚನೆಯನ್ನೇ ಬಿಡುತ್ತಾನೆ. ಸಮಯಕ್ಕೆ ಕೂಗಿ ಬ್ಯಾಕ್ ಆಟಗಾರನನ್ನು ಎಡಕ್ಕೆ ಸರಿಸಿದರೆ ಅಪಾಯ ಹುಟ್ಟುವ ಮುಂಚೆಯೇ ಸಾಯುತ್ತದೆ. ಹಾರಬೇಕಾದ ಸಂದರ್ಭ ಬರದ ಹಾಗೆ ನಿಂತುಕೊಳ್ಳುವವನೇ ಉತ್ತಮ ಗೋಲ್‌ಕೀಪರ್. ತಪ್ಪಾದ ಜಾಗದಲ್ಲಿ ನಿಂತವನು ಹಾರಿ ಹಿಡಿಯುತ್ತಾನೆ. ಜನ ಚಪ್ಪಾಳೆ ತಟ್ಟುತ್ತಾರೆ. ಸರಿಯಾದ ಜಾಗದಲ್ಲಿ ನಿಂತವನ ಎದೆಗೆ ಚೆಂಡು ತಾನಾಗಿ ಬಂದು ಸೇರುತ್ತದೆ. ಜನ ಶೇಂಗಾ ಸುಲಿಯುತ್ತಿರುತ್ತಾರೆ. ತುಂಬಿದ ಕೊಡ ತುಳುಕುವುದಿಲ್ಲ. ತುಳುಕದ್ದನ್ನು ಚಿತ್ರ ತೆಗೆದು ಯಾರಿಗೆ ತೋರಿಸೋಣ?

ಇಟಲಿಯ ಡಿನೊ ಜೋಫ್ ೧೯೮೨ರಲ್ಲಿ ನಲವತ್ತನೆಯ ವಯಸ್ಸಿನಲ್ಲಿ ನಾಯಕನಾಗಿ ವಿಶ್ವಕಪ್ ಎತ್ತಿದ. ಆ ಕಪ್ಪಿನ ಹಾದಿಯಲ್ಲಿ ಬ್ರೆಜಿಲ್ ಮೇಲಿನ ಪಂದ್ಯದ ಕೊನೆಯ ನಿಮಿಷಗಳಲ್ಲಿ ಆಸ್ಕರ್ ತಲೆಯಿಂದ ಹೊಡೆದ ಚೆಂಡನ್ನು ಆತ ಗೋಲಿನ ಗೆರೆಯ ಮೇಲೆಯೇ ಅದುಮಿ ಹಿಡಿದ. ತಳ್ಳಿದ್ದರೆ ಕಾಯುತ್ತಿದ್ದ ಎದುರಾಳಿಗೆ ಸಿಗುತ್ತಿತ್ತು, ಅದಕ್ಕೇ ಹಿಡಿದ. ಇಡೀ ಫುಟ್‌ಬಾಲ್ ಇತಿಹಾಸದಲ್ಲಿ ಅದಕ್ಕಿಂತ ಬೆಲೆಯುಳ್ಳ ರಕ್ಷಣೆಗಳು ಕೆಲವೇ. ಮುಂದೆ ಆತನೂ ತರಬೇತುದಾರನಾದ. ಇಟಲಿಯ ತಂಡವನ್ನು ೨೦೦೦ದ ಯೂರೋಪಿಯನ್ ಚಾಂಪಿಯನ್‌ಷಿಪ್‌ನ ಫೈನಲಿಗೆ ಒಯ್ದ. ಕೊನೆಯ ಗಳಿಗೆಯಲ್ಲಿ ಫ್ರಾನ್ಸ್ ಸರಿಗಟ್ಟಿ, ಹೆಚ್ಚುವರಿ ಅವಧಿಯಲ್ಲಿ ಗೆದ್ದಿತು. ರಾಜಕಾರಣಿ ಬೆರ್ಲುಸ್ಕೋನಿ ಬಹಿರಂಗವಾಗಿ ಹಳಿದ ಕೂಡಲೇ ಜೋಫ್ ರಾಜೀನಾಮೆ ಕೊಟ್ಟು ಎದ್ದು ಹೋದ. ಮಾತು ಕಡಮೆ, ಮರ್ಯಾದೆ ಹೆಚ್ಚು. ಇಂಥವನಿಗೆ ಅಂತರ್ಜಾಲದ ಸಂತೆಯಲ್ಲಿ ಚೇಳಿನ ಕಾಲುಭಾಗದ ಗಿರಾಕಿಯೂ ಇಲ್ಲ.

ಒಂದು ಕ್ಷಣದಿಂದ ಎತ್ತುವ ನಾಲಗೆ ಒಂದು ಕ್ಷಣದಿಂದ ತುಳಿಯಲೂ ಬಲ್ಲದು. ಬ್ರೆಜಿಲಿನ ಬಾರ್ಬೋಸಾನ ಕಥೆ ಅದು. ೧೯೪೯ರಲ್ಲಿ ದಕ್ಷಿಣ ಅಮೆರಿಕದ ಚಾಂಪಿಯನ್ ಆದ ತಂಡದ ಗೋಲ್‌ಕೀಪರ್ ಆತ. ೧೯೫೦ರ ಜುಲೈ ೧೬ರಂದು ಮಾರಕಾನಾ ಕ್ರೀಡಾಂಗಣದಲ್ಲಿ ಉರುಗ್ವೆಯ ಘಿಗ್ಗಿಯಾ ಹೊಡೆದ ಒಂದು ಚೆಂಡು ಆತನ ಎಡಬದಿಯಿಂದ ನುಸುಳಿತು. ಅಲ್ಲಿಂದ ಮುಂದೆ ಐವತ್ತು ವರ್ಷ, ೨೦೦೦ದಲ್ಲಿ ಸಾಯುವ ತನಕ, ಆತ ಆ ಒಂದು ಗೋಲಿನ ಆಪಾದಿತನಾಗಿಯೇ ಬದುಕಿದ. ೧೯೯೩ರಲ್ಲಿ ಬ್ರೆಜಿಲ್ ತಂಡದ ಶಿಬಿರಕ್ಕೆ ಹೋದಾಗ ಅಪಶಕುನವೆಂದು ಒಳಗೆ ಬಿಡಲಿಲ್ಲ. ಬಾರ್ಬೋಸಾನ ಕಾಲದಲ್ಲಿ ಮೊಬೈಲ್ ಇರಲಿಲ್ಲ ಎಂಬುದು ನಿಜ. ಆದ್ದರಿಂದ ರೋಗ ಹಳೆಯದು, ಒಪ್ಪೋಣ. ಆದರೆ ಈಗ ಅದಕ್ಕೆ ಯಂತ್ರದ ಬಲ ಬಂದಿದೆ. ೨೦೧೮ರ ಮೇ ೨೬ರಂದು ಕೀವ್ ನಗರದ ಚಾಂಪಿಯನ್ಸ್ ಲೀಗ್ ಫೈನಲಿನಲ್ಲಿ ಲಿವರ್‌ಪೂಲ್‌ನ ಗೋಲ್‌ಕೀಪರ್ ಲೋರಿಸ್ ಕಾರಿಯಸ್ ಎರಡು ತಪ್ಪು ಮಾಡಿದ. ಬೆಳಗಾಗುವುದರೊಳಗೆ ಲೋಕವೆಲ್ಲ ನಗುತ್ತಿತ್ತು; ಕೊಲೆ ಬೆದರಿಕೆಗಳೂ ಬಂದವು. ಆಟದ ನಡುವೆ ತಲೆಗೆ ಬಿದ್ದ ಪೆಟ್ಟಿನಿಂದ ಆತನಿಗೆ ಮಿದುಳಿನ ಆಘಾತವಾಗಿತ್ತೆಂದು ಅಮೆರಿಕದ ವೈದ್ಯರು ಆಮೇಲೆ ಹೇಳಿದರು. ಆ ಹೊತ್ತಿಗೆ ನಗುವವರು ಬೇರೆ ಕಡೆ ನಗಲು ಹೋಗಿದ್ದರು. ಚೇಳಿಗೆ ಚಪ್ಪಾಳೆ ತಟ್ಟುವ ಕೈಯೂ ಕಾರಿಯಸ್‌ನ ಮೇಲೆ ಕಲ್ಲು ತೂರಿದ ಕೈಯೂ ಒಂದೇ. ಎರಡಕ್ಕೂ ಬೇಕಾದದ್ದು ಮನುಷ್ಯನಲ್ಲ, ಕ್ಷಣ.

ಇನ್ನು ತರಬೇತುದಾರನ ಮಾತು. ಹಿಗಿಟಾ ಗೋಲ್‌ಕೀಪರುಗಳ ತರಬೇತುದಾರನಾದ ಎಂದೆನಷ್ಟೆ. ಆ ಕೆಲಸ ಏನೆಂದು ಕಲ್ಪಿಸಿಕೊಳ್ಳಿ. ಬೆಳಗಿನ ಹೊತ್ತು, ಖಾಲಿ ಮೈದಾನ, ಮೂರು ನಾಲ್ಕು ಹುಡುಗರು, ಒಂದು ಚೀಲ ಚೆಂಡು. ಒಂದೇ ಎತ್ತರದ ಚೆಂಡನ್ನು ನೂರು ಸಲ ಎಸೆಯುವುದು. ನೂರು ಸಲವೂ ಹುಡುಗನ ಕೈಬೆರಳು ಚೆಂಡಿನ ಹಿಂದೆ ಸರಿಯಾಗಿ ಕೂಡಿತೇ, ಮೊದಲ ಹೆಜ್ಜೆ ಸರಿಯಾದ ಕಾಲಿನಿಂದ ಬಂತೇ ಎಂದು ನೋಡುವುದು. ಸಂಗೀತದ ಮನೆಯಲ್ಲಿ ಗುರು ಸರಳೆ ವರಸೆಯನ್ನು ಹಾಡಿಸಿದ ಹಾಗೆ. ಗೋಲು ಬಿಟ್ಟು ಅಳುವ ಹುಡುಗನ ಪಕ್ಕದಲ್ಲಿ ಕುಳಿತು ನಾಳೆ ಮತ್ತೆ ಬಾ ಎನ್ನುವುದು ಇನ್ನೂ ದೊಡ್ಡ ಕೆಲಸ. ವಿಶ್ವಕಪ್ಪಿನಲ್ಲಿ ಮಿಲ್ಲಾನಿಗೆ ಚೆಂಡು ಕಳೆದುಕೊಂಡು ಮತ್ತೆ ಎದ್ದು ನಿಂತವನಿಗಿಂತ ಯೋಗ್ಯನಾದ ಗುರು ಇದಕ್ಕೆ ಸಿಕ್ಕುವನೇ? ಈ ವಿದ್ಯೆಯ ಚಿತ್ರ ತೆಗೆದರೆ ಯಾರೂ ನೋಡುವುದಿಲ್ಲ. ಅದರಲ್ಲಿ ಏನೂ ನಡೆಯುವುದಿಲ್ಲ. ಫಲ ಕಾಣುವುದು ಹತ್ತು ವರ್ಷದ ಮೇಲೆ, ಅದೂ ಇನ್ನೊಬ್ಬನ ಹೆಸರಿನಲ್ಲಿ.

ಇಲ್ಲಿಗೆ ಬಂದಾಗ ಪ್ರತಿವಾದಿಗಳು ಮೂರು ಮಾತು ಹೇಳುತ್ತಾರೆ. ಒಂದು: ಜನಕ್ಕೆ ಸಂತೋಷವಾದರೆ ನಿಮಗೇನು ಹೊಟ್ಟೆನೋವು? ಸಂತೋಷ ಬೇಡವೆಂದವರಾರು? ಚೇಳಿನ ಒದೆತ ನೋಡಿ ನಗದವನು ಒಣಕಟ್ಟಿಗೆ. ನನ್ನ ಆಕ್ಷೇಪ ನಗುವಿಗಲ್ಲ. ನಕ್ಕು ಅಲ್ಲಿಗೇ ನಿಲ್ಲಿಸಿ, ತಿಳಿದೆನೆಂದು ತಿಳಿಯುವುದಕ್ಕೆ. ಉಪ್ಪಿನಕಾಯಿ ನೆಕ್ಕಿ ಊಟವಾಯಿತೆಂದು ಎಲೆ ಮಡಿಸುವವನನ್ನು ಕಂಡರೆ ಅಯ್ಯೋ ಎನ್ನದೆ ಇನ್ನೇನೆನ್ನಬೇಕು?

ಎರಡು: ಚಿಕ್ಕ ಚಿತ್ರವೇ ಬಾಗಿಲು, ಆಸಕ್ತಿ ಇದ್ದವನು ಒಳಗೆ ಹೋಗುತ್ತಾನೆ. ಹೋಗುವವರು ಇದ್ದಾರೆ, ನಿಜ. ಅವರಿಗೆ ನನ್ನ ನಮಸ್ಕಾರ. ಆದರೆ ಈ ಯಂತ್ರವನ್ನು ಕಟ್ಟಿದವರ ಲಾಭ ಬಾಗಿಲೊಳಗೆ ಕಳಿಸುವುದರಲ್ಲಿಲ್ಲ. ಬಾಗಿಲಿಂದ ಬಾಗಿಲಿಗೆ ಓಡಿಸುವುದರಲ್ಲಿದೆ. ನೀವು ಒಂದು ಮನೆಯೊಳಗೆ ತೊಂಬತ್ತು ನಿಮಿಷ ಕುಳಿತರೆ ಅವರ ಜಾಹೀರಾತಿನ ಬಂಡಿ ಓಡುವುದಿಲ್ಲ. ಒಂದು ಚಿತ್ರ ಮುಗಿಯುವ ಮುಂಚೆಯೇ ಮುಂದಿನದು ಕೆಳಗಿನಿಂದ ಇಣುಕುವುದು ಆಕಸ್ಮಿಕವಲ್ಲ, ಸ್ವಾಮಿ, ಅದು ವ್ಯಾಪಾರ.

ಮೂರನೆಯ ಮಾತಿನಲ್ಲಿ ತೂಕವಿದೆ. ಹಿಂದೆ ಯಾರು ದೊಡ್ಡವರೆಂದು ನಿರ್ಧರಿಸುತ್ತಿದ್ದವರು ನಾಲ್ಕು ಮಂದಿ ಪತ್ರಕರ್ತರು, ಅದೂ ದೊಡ್ಡ ದೇಶಗಳವರು. ಈಗ ಜನರೇ ನಿರ್ಧರಿಸುತ್ತಾರೆ, ಅದರಿಂದಲೇ ಕೊಲಂಬಿಯಾದವನಿಗೂ ಸರದಿ ಬಂತು, ಎನ್ನುತ್ತಾರೆ. ನಾಲ್ಕು ಮಂದಿಯ ಯಜಮಾನಿಕೆ ಹೋದದ್ದು ಒಳ್ಳೆಯದೇ. ಆದರೆ ಜನ ನಿರ್ಧರಿಸಿದ್ದಾರೆಯೇ? ಆರಿಸುವವನಿಗೆ ಎಲ್ಲವೂ ಮುಂದಿರಬೇಕು. ಲಿಬರ್ಟಡೋರೆಸ್ ರಾತ್ರಿಯನ್ನು ತೋರಿಸದೆ ಚೇಳನ್ನೇ ಸಾವಿರ ಸಲ ತೋರಿಸಿದ ಮೇಲೆ ಸಿಕ್ಕಿದ ಮತ ಎಂಥ ಮತ? ಮತ್ತೂ ಒಂದು ಪ್ರಶ್ನೆ. ವೆಂಬ್ಲಿಯಲ್ಲಿ ಕ್ಯಾಮೆರಾ ಇತ್ತು, ಆದ್ದರಿಂದ ಹಿಗಿಟಾನಿಗೆ ಸರದಿ ಬಂತು. ಕ್ಯಾಮೆರಾ ಇರದ ಕಡೆ ಆಡಿದವರ ಗತಿ?

ಈ ಪ್ರಶ್ನೆ ದೂರದ್ದಲ್ಲ, ನಮ್ಮ ಅಂಗಳದ್ದೇ. ಪೀಟರ್ ತಂಗರಾಜ್ ಅವರ ಹೆಸರನ್ನು ಇಂದಿನ ಹುಡುಗರಲ್ಲಿ ಎಷ್ಟು ಮಂದಿ ಕೇಳಿದ್ದಾರೆ? ವೆಲ್ಲಿಂಗ್ಟನ್ನಿನ ಮದ್ರಾಸ್ ರೆಜಿಮೆಂಟಿನಿಂದ ಬಂದ ಆ ಎತ್ತರದ ಗೋಲ್‌ಕೀಪರ್ ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ ನಾಲ್ಕನೆಯ ಸ್ಥಾನ ಪಡೆದ ೧೯೫೬ರ ಭಾರತ ತಂಡದಲ್ಲಿದ್ದರು. ೧೯೬೦ರಲ್ಲಿ ರೋಮ್‌ನಲ್ಲಿ, ಫ್ರಾನ್ಸ್‌ನೊಡನೆ ೧-೧ ರಿಂದ ಸರಿಸಮ ಮಾಡಿಕೊಂಡ ತಂಡದಲ್ಲಿ ಗೋಲು ಕಾಯ್ದರು. ೧೯೬೨ರ ಸೆಪ್ಟೆಂಬರಿನಲ್ಲಿ ಜಕಾರ್ತದ ಏಷ್ಯನ್ ಕ್ರೀಡಾಕೂಟದ ಫೈನಲಿನಲ್ಲಿ ದಕ್ಷಿಣ ಕೊರಿಯವನ್ನು ೨-೧ ರಿಂದ ಸೋಲಿಸಿ ಭಾರತ ಚಿನ್ನ ಗೆದ್ದಾಗ ಗೋಲಿನ ನಡುವೆ ನಿಂತವರು ಅವರೇ. ೧೯೬೭ರಲ್ಲಿ ಅರ್ಜುನ ಪ್ರಶಸ್ತಿ ಬಂತು. ಆಮೇಲೆ ಅವರೂ ತರಬೇತುದಾರರಾಗಿ ಬೊಕಾರೊ ಉಕ್ಕಿನ ಊರಿನಲ್ಲಿ ಹುಡುಗರನ್ನು ತಿದ್ದಿದರು. ೨೦೦೮ರಲ್ಲಿ ಅಲ್ಲಿಯೇ ತೀರಿಕೊಂಡರು. ಹಿಗಿಟಾನಿಗಿದ್ದ ದಾರಿಯೇ ಇವರಿಗೂ ಇತ್ತು: ಗೋಲಿನಿಂದ ಗುರುಪೀಠಕ್ಕೆ. ಒಂದು ತುಣುಕು ಚಿತ್ರ ಮಾತ್ರ ಇರಲಿಲ್ಲ. ಅಷ್ಟಕ್ಕೇ ಮರೆವು.

ಇನ್ನೂ ಹತ್ತಿರ ಬರೋಣ. ೧೯೪೮ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಸ್ವತಂತ್ರ ಭಾರತದ ತಂಡ ಫ್ರಾನ್ಸ್‌ಗೆ ೨-೧ ರಿಂದ ಸೋತಿತು. ಹೆಚ್ಚಿನವರು ಬರಿಗಾಲಿನಲ್ಲಿ ಆಡಿದ ಪಂದ್ಯ ಅದು. ಆ ದಿನ ಭಾರತದ ಏಕೈಕ ಗೋಲು ಹೊಡೆದ ರಾಮನ್ ಮೈಸೂರಿನ ಕಡೆಯಿಂದ ಹೋದವರು. ಗೋಲು ಕಾಯ್ದ ವರದರಾಜ್ ಕೂಡ ಮೈಸೂರಿನ ಕಡೆಯವರೇ. ಸಂತೋಷ್ ಟ್ರೋಫಿಯನ್ನು ಮೈಸೂರು ೧೯೪೬-೪೭ರಲ್ಲಿ ಬಂಗಾಳವನ್ನು ಸೋಲಿಸಿ ತಂದಿತ್ತು. ೧೯೬೮-೬೯ರ ಮೇಲೆ ಅದು ಮತ್ತೆ ಕರ್ನಾಟಕಕ್ಕೆ ಬಂದದ್ದು ೨೦೨೩ರ ಮಾರ್ಚಿನಲ್ಲಿ, ಮೇಘಾಲಯವನ್ನು ೩-೨ ರಿಂದ ಗೆದ್ದು. ಆ ಫೈನಲ್ ನಡೆದದ್ದು ರಿಯಾದ್‌ನಲ್ಲಿ, ಹಿಗಿಟಾ ಒಂದು ಕಾಲದಲ್ಲಿ ಹುಡುಗರಿಗೆ ಗೋಲು ಕಾಯುವುದನ್ನು ಕಲಿಸಿದ ಅದೇ ಊರಿನಲ್ಲಿ. ಹಿಗಿಟಾನ ಹಿಮ್ಮಡಿಯನ್ನು ಬಲ್ಲ ಬೆಂಗಳೂರಿನ ಹುಡುಗ ಐವತ್ತು ವರ್ಷದ ಬರ ನೀಗಿದ ಆ ಹನ್ನೊಂದು ಮಂದಿಯಲ್ಲಿ ಒಬ್ಬನ ಹೆಸರನ್ನಾದರೂ ಹೇಳಬಲ್ಲನೇ? ಅವನನ್ನು ದೂರಬೇಡಿ. ಅವನಿಗೆ ಹೇಳಬೇಕಾಗಿದ್ದವರು ನಾವು. ನಾವು ಅವನ ಕೈಗೆ ಯಂತ್ರ ಕೊಟ್ಟು ಪತ್ರಿಕೆ ಹಿಡಿದು ಕುಳಿತೆವು.

ಯಂತ್ರವನ್ನು ಒಡೆಯಿರಿ ಎಂದು ನಾನು ಹೇಳುತ್ತಿಲ್ಲ. ಅದೇ ಯಂತ್ರದಲ್ಲಿ ಬೊಗೊಟಾದ ಆ ರಾತ್ರಿಯೂ ಸಿಗುತ್ತದೆ, ಜೋಫನ ಗೆರೆಯ ಮೇಲಿನ ಹಿಡಿತವೂ ಸಿಗುತ್ತದೆ. ಹುಡುಗ ಚೇಳನ್ನು ತೋರಿಸಲು ಬಂದಾಗ ನಕ್ಕು ನೋಡಿ. ನೋಡಿದ ಮೇಲೆ ‘ಈತ ಇನ್ನೇನು ಮಾಡಿದ?’ ಎಂದು ಒಂದು ಪ್ರಶ್ನೆ ಕೇಳಿ. ಭಾನುವಾರ ಬೆಳಿಗ್ಗೆ ಅವನನ್ನು ಕರೆದುಕೊಂಡು ಹತ್ತಿರದ ಮೈದಾನಕ್ಕೆ ಹೋಗಿ. ಅಲ್ಲಿ ಎಲ್ಲಾದರೂ ಒಂದು ಮೂಲೆಯಲ್ಲಿ, ಆಟ ಬಿಟ್ಟು ಬಹಳ ವರ್ಷವಾದ ಒಬ್ಬ ಮನುಷ್ಯ ಒಬ್ಬ ಹುಡುಗನ ಕಡೆಗೆ ಒಂದೇ ಎತ್ತರದ ಚೆಂಡನ್ನು ಮತ್ತೆ ಮತ್ತೆ ಎಸೆಯುತ್ತಿರುತ್ತಾನೆ. ಐದು ನಿಮಿಷ ನಿಂತು ನೋಡಿದರೆ ಬೇಸರವಾದೀತು. ಅರ್ಧ ಗಂಟೆ ನಿಂತರೆ ಹುಡುಗನ ಮೊದಲ ಹೆಜ್ಜೆ ತಿದ್ದಿಕೊಂಡದ್ದು ಕಂಡೀತು. ಅದನ್ನು ಕಾಣಬಲ್ಲ ಕಣ್ಣು ಬಂದ ದಿನ ನಾವು ಹಿಗಿಟಾನನ್ನು ಮೆರೆಸಲು ಅರ್ಹರಾಗುತ್ತೇವ. ಅಲ್ಲಿಯ ತನಕ ನಾವು ಮಾಡುತ್ತಿರುವುದು ಆತನನ್ನು ಬಹಳ ಸಂಭ್ರಮದಿಂದ ಮರೆಯುವ ಕೆಲಸ.